ಕಲ್ಲಕ್ಕನ ಕೊನೆಯ ಚೂರು

ಆ ಮಧ್ಯಾಹ್ನ ಆನೆಯ ಕೋಣೆಯಿಂದ ಎದ್ದ ಕೂಗಿಗೆ ಇಡೀ ಕಟ್ಟಡ ಬೆಚ್ಚಿಬಿತ್ತು. ಎಲ್ಲೋ ಬೆಂಕಿ ಹೊತ್ತಿಕೊಂಡಿದೆ ಎಂದುಕೊಂಡು ಕಾವಲುಗಾರ ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿ ಬಂದ. ಬಂದು ನೋಡಿದರೆ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ನಲವತ್ತು ದಾಟಿದ ಹೆಂಗಸೊಬ್ಬಳು ಕಂಪ್ಯೂಟರಿನ ಮುಂದೆ ಎರಡೂ ಕೈ ಎತ್ತಿಕೊಂಡು ಕುಣಿಯುತ್ತಿದ್ದಾಳೆ. ಪಕ್ಕದಲ್ಲಿ ಮಾವುತ ಕುರ್ಚಿ ಹತ್ತಿ ನಿಂತು ಸಿಳ್ಳೆ ಹೊಡೆಯುತ್ತಿದ್ದಾನೆ.

"ಭೂಮಿ ಕಣೋ! ಥೇಟ್ ಭೂಮಿ!" ಎಂದಳು ಅವಳು.

"ಇದನ್ನ ನೋಡೋಕೆ ಇಷ್ಟು ಕೂಗಬೇಕಿತ್ತಾ? ಕಿಟಕಿ ತೆಗೆದ್ರೆ ಕಾಣಲ್ವಾ?" ಎಂದು ಗೊಣಗಿಕೊಂಡು ಕಾವಲುಗಾರ ಇಳಿದುಹೋದ.

ಆನೆ ಎಂದರೆ ನಿಜವಾದ ಆನೆಯಲ್ಲ. ಕಣ್ಣಿಗೆ ಕಾಣದ ಕಣಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಯಂತ್ರ. ಒಂದು ಇಡೀ ಕೋಣೆಯನ್ನು ತಾನೇ ತುಂಬಿಕೊಂಡು, ಊರಿಗೆಲ್ಲ ಸಾಲುವಷ್ಟು ಕರೆಂಟು ತಿಂದು, ಮನಸ್ಸು ಬಂದರೆ ಕೆಲಸ ಮಾಡಿ, ಬಾರದಿದ್ದರೆ ವಾರಗಟ್ಟಲೆ ಮುನಿಸಿಕೊಂಡು ಕೂರುತ್ತಿದ್ದ ಅದಕ್ಕೆ ಆ ಹೆಸರಲ್ಲದೆ ಬೇರೆ ಯಾವುದೂ ಒಪ್ಪುತ್ತಿರಲಿಲ್ಲ. ಅದನ್ನು ನೋಡಿಕೊಳ್ಳುವವನು ಮಾವುತನಾದ. ಅದಕ್ಕೆ ತಿನ್ನಿಸಲು ಆಕಾಶದಿಂದ ಬಿದ್ದ ಕಲ್ಲುಗಳನ್ನು ಆಮ್ಲದಲ್ಲಿ ಕರಗಿಸಿ ತರುವ ಈ ಹೆಂಗಸಿಗೆ ಮಾವುತನೇ ಕಲ್ಲಕ್ಕ ಎಂದು ಹೆಸರಿಟ್ಟ. ಮೊದಮೊದಲು ತಮಾಷೆಗೆ ಕರೆದದ್ದು, ಆಮೇಲೆ ಅವಳ ಗಂಡನೂ ಹಾಗೆಯೇ ಕರೆಯುವಂತಾಯಿತು.

ಕಲ್ಲಕ್ಕ ಹುಟ್ಟಿನಿಂದ ಕಲ್ಲಕ್ಕನೇನಲ್ಲ. ರಸಾಯನಶಾಸ್ತ್ರ ಓದಿ, ಮದುವೆಯಾಗಿ, ಹಾಲಿನ ಡೈರಿಯಲ್ಲಿ ಕೆಲಸಕ್ಕೆ ಸೇರಿದವಳು. ಹಾಲಿಗೆ ಯಾರು ಏನು ಬೆರೆಸಿದ್ದಾರೆ ಎಂದು ಕಂಡುಹಿಡಿಯುವುದು ಅವಳ ಕೆಲಸ. ನೀರು ಬೆರೆಸಿದವರು, ಹಿಟ್ಟು ಬೆರೆಸಿದವರು, ಸೋಪಿನ ಪುಡಿ ಬೆರೆಸಿದವರು, ಎಲ್ಲರೂ ಅವಳನ್ನು ಕಂಡರೆ ಕ್ಯಾನು ಹೊತ್ತುಕೊಂಡು ಹಿಂದಕ್ಕೆ ತಿರುಗುತ್ತಿದ್ದರು. ಅಲ್ಲಿ ಅವಳು ತನಗೆ ತಾನೇ ಒಂದು ಕಟ್ಟಳೆ ಮಾಡಿಕೊಂಡಿದ್ದಳು: ಯಾರಾದರೂ ದಿನಕ್ಕಿಂತ ಹೆಚ್ಚು ಹಾಲು ತಂದರೆ ಮೊದಲು ಅವರ ಹಾಲನ್ನೇ ಪರೀಕ್ಷಿಸಬೇಕು. ಹಸು ರಾತ್ರೋರಾತ್ರಿ ಉದಾರಿಯಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಡೈರಿಯಿಂದ ಕಲ್ಲಿಗೆ ಅವಳನ್ನು ದಾಟಿಸಿದವರು ಅವಳ ಅತ್ತೆ. ಅತ್ತೆ ಎಂದರೆ ಸಾಮಾನ್ಯರಲ್ಲ. ಮನೆಯಲ್ಲಿ ಗಡಿಯಾರ ನಿಂತರೂ ಅವರ ಬಾಯಿ ನಿಲ್ಲುತ್ತಿರಲಿಲ್ಲ. ಪತ್ರಿಕೆಯಲ್ಲಿ ಜಾಹೀರಾತು ನೋಡಿ ಕತ್ತರಿಸಿ, ಸೊಸೆಯ ಊಟದ ಡಬ್ಬಿಯ ಮೇಲೆ ಅಂಟಿಸಿದವರೂ ಅವರೇ. ಸಂಶೋಧನಾ ಸಂಸ್ಥೆಯೊಂದಕ್ಕೆ ಉಲ್ಕೆಗಳ ರಾಸಾಯನಿಕ ಪರೀಕ್ಷೆಗೆ ಜನ ಬೇಕಾಗಿದ್ದರು.

"ನನಗೆ ಉಲ್ಕೆ ಗೊತ್ತಿಲ್ಲ ಅತ್ತೆ."

"ಹಾಲು ಗೊತ್ತಿತ್ತಾ ನಿನಗೆ? ಬಂದಾಗ ಉಕ್ಕಿಸಿ ಉಕ್ಕಿಸಿ ಒಲೆಗೇ ಕುಡಿಸ್ತಿದ್ದೆ. ಹೋಗು, ಕಲಿತುಕೋ."

ಸಂದರ್ಶನದಲ್ಲಿ ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರೂ ಮೇಡಂ ಎಂದಷ್ಟೇ ಕರೆಯುವ ಸಣಕಲು ಹೆಂಗಸು, ಪೆನ್ಸಿಲು ಕಚ್ಚುತ್ತಾ ಕೇಳಿದರು, ಏನಾದರೂ ಕೇಳುವುದಿದೆಯೇ ಎಂದು. "ಈ ಕಲ್ಲಿಗೆ ಯಾರು ಏನು ಬೆರೆಸಿರ್ತಾರೆ ಮೇಡಂ?" ಎಂದಳು ಕಲ್ಲಕ್ಕ. ಮೇಡಂ ನಕ್ಕರು. "ನಾವೇ ಬೆರೆಸ್ತೀವಿ ಕಣಮ್ಮ. ನಮ್ಮ ಉಸಿರು, ನಮ್ಮ ಧೂಳು, ನಮ್ಮ ಬೆವರು. ಕೆಲಸ ಎಲ್ಲ ಅದನ್ನ ತಡೆಯೋದೇ." ಕೆಲಸ ಸಿಕ್ಕಿತು. ಹೀಗೆ ಸೇರಿದವಳು ಕಲ್ಲು ಒಡೆಯುವುದರಿಂದ ಶುರುಮಾಡಿ, ಪುಸ್ತಕ ಹಿಡಿದು, ತಲೆಕೂದಲು ನರೆಯುವ ಹೊತ್ತಿಗೆ ಪಿಎಚ್‌ಡಿಗೂ ಹೆಸರು ಬರೆಸಿದಳು. ಆ ಪಿಎಚ್‌ಡಿಯ ಹಣೆಬರಹ ಈಗ ಒಂದೇ ಒಂದು ಕಲ್ಲಿನ ಮೇಲೆ ನಿಂತಿತ್ತು.

ಮರಳುಗಾಡಿನಲ್ಲಿ ಸಿಕ್ಕಿದ ಕಪ್ಪು ಕಲ್ಲು ಅದು. ಅದನ್ನು ಹಲವಾರು ಪ್ರಯೋಗಾಲಯಗಳು ಹಂಚಿಕೊಂಡು, ಇವರ ಪಾಲಿಗೆ ಬಂದದ್ದು ಹೆಬ್ಬೆರಳ ಉಗುರಿನಷ್ಟು. ಕಲ್ಲಕ್ಕನಿಗೆ ಅದರೊಳಗಿನ ಸತು ಬೇಕಿತ್ತು. ಸತು ಎಲ್ಲಿದ್ದರೂ ಸತುವೇ. ಆದರೆ ಅದರ ಕಣಗಳಲ್ಲಿ ತುಸು ಹಗುರವಾದವು, ತುಸು ಭಾರವಾದವು ಎಂದು ಬಗೆಗಳಿವೆ. ಸೂರ್ಯ ಹುಟ್ಟುವ ಮುಂಚೆ ಎಷ್ಟೋ ನಕ್ಷತ್ರಗಳು ಸತ್ತು, ಒಂದೊಂದೂ ತನ್ನ ಪಾಲಿನ ಧೂಳನ್ನು ಬಿಟ್ಟುಹೋಗಿದ್ದವು. ಆ ಧೂಳೇ ಕೂಡಿಕೊಂಡು ಸೂರ್ಯನಾಯಿತು, ಗ್ರಹಗಳಾದವು. ಆದರೆ ಅವಸರದಲ್ಲಿ ಕಲಸಿದ ಹಿಟ್ಟಿನ ಹಾಗೆ ಅದು ಎಲ್ಲ ಕಡೆ ಒಂದೇ ಹದಕ್ಕೆ ಬೆರೆಯಲಿಲ್ಲ. ಸೂರ್ಯನ ಹತ್ತಿರ ಒಂದು ಬೆರಕೆ, ದೂರದಲ್ಲಿ ಇನ್ನೊಂದು. ಹಾಗಾಗಿ ಹಗುರ ಸತು ಎಷ್ಟು, ಭಾರದ್ದು ಎಷ್ಟು ಎಂದು ಎಣಿಸಿದರೆ ಕಲ್ಲು ತಾನು ಹುಟ್ಟಿದ ಜಾಗವನ್ನು ತಾನೇ ಹೇಳಿಬಿಡುತ್ತದೆ. ನಮ್ಮ ಭೂಮಿಯ ಲೆಕ್ಕದ ಜೊತೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುವ ಕಲ್ಲು ಮಾತ್ರ ಕಲ್ಲಕ್ಕನ ಪ್ರಯೋಗಾಲಯದಲ್ಲಿ ಯಾರ ಕೈಗೂ ಸಿಕ್ಕಿರಲಿಲ್ಲ. ಸಿಕ್ಕರೆ ಭೂಮಿ ಎಂಥ ಕಲ್ಲುಗಳು ಕೂಡಿ ಆದದ್ದೆಂದು ತಿಳಿಯುತ್ತಿತ್ತು.

ಈಗ ಸಿಕ್ಕಿತ್ತು. ಅದಕ್ಕೇ ಆ ಕುಣಿತ.

ಸುದ್ದಿ ಮೇಡಂ ಕಿವಿಗೆ ಬಿದ್ದದ್ದೇ ತಡ, ಅವರು ಬಾಯಲ್ಲಿದ್ದ ಪೆನ್ಸಿಲನ್ನು ಕಚ್ಚಿ ಮುರಿದೇಬಿಟ್ಟರು. ಬರಲಿದ್ದ ದೊಡ್ಡ ಸಮ್ಮೇಳನದಲ್ಲಿ ತಾವು ಓದಬೇಕಿದ್ದ ಭಾಷಣ ಪಕ್ಕಕ್ಕಿಟ್ಟು, "ಈ ಸಲ ನೀನು ಮಾತಾಡು" ಎಂದು ಕಲ್ಲಕ್ಕನಿಗೇ ವೇದಿಕೆ ಬಿಟ್ಟುಕೊಟ್ಟರು. ಕಲ್ಲಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಸಂಜೆ ಮನೆಗೆ ಹೋದರೆ ಅಲ್ಲಿ ಅತ್ತೆ ಆಗಲೇ ಬೀದಿಗೆಲ್ಲ ಡಂಗುರ ಸಾರಿಯಾಗಿತ್ತು. ಸಿಟಿ ಬಸ್ಸು ಓಡಿಸುವ ಗಂಡ ಫೋನಿನಲ್ಲಿ ಸುದ್ದಿ ಮುಟ್ಟಿಸಿದ್ದ.

"ನನ್ನ ಸೊಸೆ ಭೂಮಿಯ ತವರುಮನೆ ಹುಡುಕಿದಾಳೆ!" ಎಂದು ಅತ್ತೆ ಪಕ್ಕದ ಮನೆಯ ಟೈಲರಿಗೆ ಹೇಳುತ್ತಿದ್ದರು. "ಇಷ್ಟು ದಿನ ಪಾಪ, ಅದಕ್ಕೆ ತವರು ಯಾವುದು ಅಂತಲೇ ಗೊತ್ತಿರಲಿಲ್ಲ!"

ಒಂದು ಸಣ್ಣ ಸಂಗತಿ ಮಾತ್ರ ಕಲ್ಲಕ್ಕನ ಕಣ್ಣಿಗೆ ಬಿದ್ದೂ ಬೀಳದಂತಿತ್ತು. ಕಲ್ಲಿನಿಂದ ಬಂದ ಸತು ಅಂಥ ಕಲ್ಲಿನಲ್ಲಿ ಇರಬೇಕಾದದ್ದಕ್ಕಿಂತ ತುಸು ಹೆಚ್ಚಿತ್ತು. ವಿಶೇಷದ ಕಲ್ಲು, ಇದ್ದರೂ ಇರಬಹುದು ಎಂದು ಅವಳು ಅದನ್ನು ಹಾಗೆಯೇ ನುಂಗಿಕೊಂಡಳು. ಡೈರಿಯ ಕಟ್ಟಳೆ ನೆನಪಿಗೆ ಬರಲಿಲ್ಲ. ಸಂತೋಷ ಹೆಚ್ಚಾದಾಗ ಮನುಷ್ಯರಿಗೆ ಹಳೆಯ ಬುದ್ಧಿ ಕೈಕೊಡುವುದು ಹೊಸದೇನಲ್ಲ ಬಿಡಿ.

ಮರುವಾರದ ಒಂದು ಬೆಳಗ್ಗೆ. ಕಲ್ಲಕ್ಕ ಕೆಲಸಕ್ಕೆ ಹೊರಟು ನಿಂತಿದ್ದಾಳೆ. ಎಂದಿನಂತೆ ಅತ್ತೆ ಅವಳನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಎರಡೂ ಕೈ ಹಿಡಿದುಕೊಂಡು ಬಿಳಿ ಮುಲಾಮು ತಿಕ್ಕುತ್ತಿದ್ದಾರೆ. ದಿನವಿಡೀ ಕೈಗವಸಿನೊಳಗೆ ಬೆಂದು, ಮತ್ತೆ ಮತ್ತೆ ತೊಳೆದು, ಅವಳ ಬೆರಳುಗಳು ಬೇಸಿಗೆಯ ಕೆರೆಯಂಗಳದಂತೆ ಬಿರಿದಿದ್ದವು.

"ಇದು ಕೈಯಾ, ತುರಿಯೋ ಮಣೆಯಾ? ಅಲ್ಲಿ ಕಲ್ಲು ಕರಗಿಸ್ತೀಯೋ ನೀನೇ ಕರಗ್ತೀಯೋ?"

"ಹೊತ್ತಾಯ್ತು ಅತ್ತೆ, ಬಸ್ಸು ಹೋಗತ್ತೆ."

"ಬಸ್ಸು ಓಡಿಸೋನು ನಾನು ಹೆತ್ತ ಮಗ. ನಿಲ್ಲಿಸ್ತಾನೆ, ಕೂತ್ಕೋ."

ಮುಲಾಮು ಹಚ್ಚಿ ಮುಗಿದ ಮೇಲೆ ಅತ್ತೆ ಮೇಜಿನ ಮೇಲಿದ್ದ ಸೊಸೆಯ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ತಮ್ಮ ಕೈಯಾರೆ ಅವಳ ಮೂಗಿನ ಮೇಲೆ ಕೂರಿಸಿದರು. ಇದೂ ದಿನದ ರೂಢಿ. ಕಲ್ಲಕ್ಕ ಓಡಿಹೋಗಿ ಬಸ್ಸು ಹತ್ತಿದಳು. ಕಿಟಕಿಯ ಪಕ್ಕದ ಸೀಟು. ಬಸ್ಸು ತಿರುವಿನಲ್ಲಿ ಜಗ್ಗಿದಾಗ ಕನ್ನಡಕ ಜಾರಿತು, ಅವಳು ಬೆರಳಿನಿಂದ ಅದನ್ನು ಮೇಲಕ್ಕೆ ತಳ್ಳಿದಳು. ಕಿಟಕಿಯ ಗಾಜಿನಲ್ಲಿ ತನ್ನದೇ ಮುಖ ಕಂಡಿತು: ಕನ್ನಡಕದ ಕಡ್ಡಿಯ ಮೇಲೆ ಬಿಳಿಯದೊಂದು ಹೆಬ್ಬೆರಳ ಗುರುತು.

ಅವಳು ಕನ್ನಡಕ ತೆಗೆದು ಕಣ್ಣ ಹತ್ತಿರ ಹಿಡಿದು ನೋಡಿದಳು.

ಆ ಬಿಳಿ ಮುಲಾಮು ಎಂದರೆ ಎಣ್ಣೆಯಲ್ಲಿ ಕಲಸಿದ ಸತುವಿನ ಪುಡಿ, ಭೂಮಿಯ ಗಣಿಯಿಂದಲೇ ಬಂದ ಸತು. ಅದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಅದಕ್ಕೇ ಅವಳು ಕಲ್ಲು ಕರಗಿಸುವ ಕೋಣೆಗೆ ಹೋಗುವ ಮುನ್ನ ಮೊಣಕೈವರೆಗೆ ಕೈ ತೊಳೆದು, ಒಂದರ ಮೇಲೊಂದು ಕೈಗವಸು ಹಾಕಿ, ಉಂಗುರ ತೆಗೆದಿಟ್ಟು, ತಲೆಗೆ ಟೋಪಿ, ಬಾಯಿಗೆ ಪಟ್ಟಿ, ಕಾಲಿಗೆ ಚೀಲ ತೊಟ್ಟು ಒಳಗೆ ಕಾಲಿಡುತ್ತಿದ್ದಳು. ಮೈಯ ಒಂದೊಂದು ಇಂಚಿಗೂ ಬಾಗಿಲ ಬಳಿ ನಿಯಮ ಬರೆದು ಹಾಕಿದ್ದರು. ಕನ್ನಡಕದ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ. ಕಲ್ಲಿನ ಮೇಲೆ ಬಗ್ಗಿದಾಗಲೆಲ್ಲ ಅದು ಜಾರುತ್ತಿತ್ತು. ಜಾರಿದಾಗಲೆಲ್ಲ ಅವಳು ಕೈಗವಸಿನ ಬೆರಳಿನಿಂದಲೇ ಮೇಲಕ್ಕೆ ತಳ್ಳುತ್ತಿದ್ದಳು. ಅದೇ ಬೆರಳು ಆಮೇಲೆ ಬಟ್ಟಲಿನ ಮುಚ್ಚಳ ತೆಗೆಯುತ್ತಿತ್ತು.

ಆದರೆ ಬರೀ ಬಟ್ಟಲು? ಕಲ್ಲನ್ನೇ ಹಾಕದೆ ಅದೇ ಆಮ್ಲ, ಅದೇ ಕೊಳವೆ, ಅದೇ ಎಲ್ಲ ಹಂತಗಳಲ್ಲಿ ಖಾಲಿ ಬಟ್ಟಲೊಂದನ್ನು ದಾಟಿಸಿ ನೋಡುವ ಪದ್ಧತಿ ಇತ್ತಲ್ಲ? ಹೊರಗಿನದೇನಾದರೂ ಸೇರುತ್ತಿದ್ದರೆ ಅದರಲ್ಲಿ ಗೊತ್ತಾಗಬೇಕು. ಅದು ಕನ್ನಡಿಯಂತೆ ಶುದ್ಧವಾಗಿ ಬಂದಿತ್ತು. ಕಲ್ಲಕ್ಕ ಉಸಿರು ಬಿಟ್ಟಳು. ಮರುಗಳಿಗೆಯೇ ಬೆರಳು ಮಡಿಸಿ ದಿನ ಎಣಿಸಿದಳು. ಖಾಲಿ ಬಟ್ಟಲು ಮಾಡಿದ್ದು ಯಾವಾಗ? ನಾದಿನಿಯ ಹೆರಿಗೆಗೆಂದು ಅತ್ತೆ ಊರಿಗೆ ಹೋಗಿದ್ದಾಗ! ಅತ್ತೆ ವಾಪಸು ಬಂದು, ಸೊಸೆಯ ಕೈ ನೋಡಿ ಬೈದು, ಮುಲಾಮು ಶುರುಮಾಡಿದ ಮೇಲೆ ಕರಗಿಸಿದ್ದು ಕಲ್ಲನ್ನು.

"ದಿನಕ್ಕಿಂತ ಹೆಚ್ಚು ಹಾಲು," ಎಂದಳು ಅವಳು ಗಟ್ಟಿಯಾಗಿಯೇ. ಪಕ್ಕದಲ್ಲಿ ಕೂತಿದ್ದಾತ ತನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ.

ಬಸ್ಸಿಳಿದವಳು ನೇರ ಮೇಡಂ ಕೋಣೆಗೆ ನುಗ್ಗಿದಳು. "ಮೇಡಂ, ಆ ಕಲ್ಲಲ್ಲಿ ಸಿಕ್ಕಿದ ಭೂಮಿ, ನಮ್ಮ ಮನೆ ಮುಲಾಮು ಇರಬಹುದು."

ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಪೆನ್ಸಿಲು ಕೆಳಗಿಟ್ಟು, ಕನ್ನಡಕ ಕೊಡು ಎಂದು ಕೈಚಾಚಿದರು. ಮಾವುತ ಅದರ ಕಡ್ಡಿಯನ್ನು ಒದ್ದೆ ಹತ್ತಿಯಿಂದ ಒರೆಸಿ, ಆ ನೀರನ್ನು ಆನೆಯ ಪಕ್ಕದ ಚಿಕ್ಕ ಯಂತ್ರಕ್ಕೆ ಹಾಕಿದ. ಕಲ್ಲಕ್ಕ ಕಣ್ಣು ಕಾಣದೆ ಗೋಡೆ ಹಿಡಿದು ನಿಂತಿದ್ದಳು. ಪರದೆಯ ಮೇಲೆ ಗೆರೆ ಎದ್ದು ಚಾವಣಿ ಮುಟ್ಟಿತು.

"ಅಕ್ಕ, ಇದು ಕನ್ನಡಕ ಅಲ್ಲ, ಸತುವಿನ ಗಣಿ," ಎಂದ ಮಾವುತ.

ಅವಳಿಗೆ ಅಳು ಬಂತು, ನಗುವೂ ಬಂತು. ಎರಡರಲ್ಲಿ ಯಾವುದನ್ನೂ ತಡೆಯಲಿಲ್ಲ. ಮೇಡಂ ಅವಳ ಭುಜ ಹಿಡಿದು ಕೂರಿಸಿದರು.

"ಕನ್ನಡಕದಲ್ಲಿ ಇತ್ತು ಅಂದ ಮಾತ್ರಕ್ಕೆ ಕಲ್ಲಿಗೆ ಸೇರಿತು ಅಂತ ಆಗಲ್ಲ. ಕಲ್ಲು ನಿಜವಾಗ್ಲೂ ಭೂಮಿ ಥರಾನೇ ಇದ್ದರೂ ಇರಬಹುದು. ಕಪಾಟಿನಲ್ಲಿ ಒಂದು ಚೂರು ಉಳಿಸಿದೀನಿ. ಸಾಸಿವೆಯಷ್ಟು. ಅದನ್ನ ಕರಗಿಸಿದ್ರೆ ಮುಗೀತು, ನಮ್ಮ ಪಾಲಿಗೆ ಆ ಕಲ್ಲು ಇರಲ್ಲ. ಈ ಸಲವೂ ಏನಾದ್ರೂ ಸೇರಿದ್ರೆ ಕಲ್ಲೂ ಹೋಯ್ತು, ನಿನ್ನ ಪಿಎಚ್‌ಡಿನೂ ಹೋಯ್ತು. ಮಾವುತನ ಕೈಲಿ ಮಾಡಿಸ್ಲಾ?"

ಕಲ್ಲಕ್ಕ ಕನ್ನಡಕವಿಲ್ಲದ ಕಣ್ಣಿನಿಂದಲೇ ಅವರನ್ನು ನೋಡಿದಳು. ಹೆದರಿಕೆಯ ಕೆಳಗೇ ಇನ್ನೊಂದು ಏನೋ ಕುದಿಯುತ್ತಿತ್ತು. ಹಾಗಾದರೆ ಆ ಕಲ್ಲು ನಿಜಕ್ಕೂ ಎಲ್ಲಿಯದು? ಇನ್ನೂ ಯಾರಿಗೂ ಗೊತ್ತಿಲ್ಲ!

"ನಾನೇ ಮಾಡ್ತೀನಿ ಮೇಡಂ. ಕೆಡಿಸಿದ್ದು ನಾನು, ಸರಿ ಮಾಡೋಳೂ ನಾನೇ."

ಇನ್ನು ಮನೆಯಲ್ಲಿ ಹೇಳಬೇಕು. ಅದು ಮೇಡಂಗೆ ಹೇಳಿದ್ದಕ್ಕಿಂತ ಕಷ್ಟ. ಸಂಜೆ ಅತ್ತೆಯ ಪಕ್ಕ ಕೂತು, ಸುತ್ತಿ ಬಳಸಿ, ಕೊನೆಗೆ ಹೇಳಿಬಿಟ್ಟಳು. ಅತ್ತೆಯ ಬಾಯಿ ನಿಂತುಹೋಯಿತು. ಮದುವೆಯಾದಾಗಿನಿಂದ ಕಲ್ಲಕ್ಕ ಅಂಥದ್ದನ್ನು ಕಂಡಿರಲಿಲ್ಲ.

"ಅಂದ್ರೆ ನಾನೇ ಕೆಡಿಸಿದ್ನಾ?"

"ಇಲ್ಲ ಅತ್ತೆ. ಕನ್ನಡಕ ತೊಳೆದುಕೊಂಡು ಒಳಗೆ ಹೋಗಬೇಕಿತ್ತು, ನಾನೇ ಹೋಗಲಿಲ್ಲ."

"ಬೀದಿಗೆಲ್ಲ ಹೇಳಿಬಿಟ್ನಲ್ಲೇ. ತವರು ಸಿಕ್ತು ಅಂತ. ಆ ಟೈಲರಿಗೆ ಏನಂತ ಹೇಳಲಿ ಈಗ?" ಅತ್ತೆ ಮುಲಾಮಿನ ಟ್ಯೂಬನ್ನು ತೆಗೆದುಕೊಂಡು ಹೋಗಿ ಬೀರುವಿನೊಳಗಿಟ್ಟು ಬೀಗ ಹಾಕಿದರು. ಊಟಕ್ಕೆ ಕೂತಾಗಲೂ ಮಾತಿಲ್ಲ. ಅಮ್ಮನಿಗೆ ಹುಷಾರಿಲ್ಲವೇನೋ ಎಂದು ಮಗ ಹಣೆ ಮುಟ್ಟಿ ನೋಡಿದ.

ಅಲ್ಲಿಂದ ಮನೆಯ ನಡವಳಿಕೆಯೇ ಬದಲಾಯಿತು. ಅತ್ತೆ ಮೇಜು ತೊಳೆದರು, ಸ್ಟೂಲು ತೊಳೆದರು, ಬಾಗಿಲ ಚಿಲಕವನ್ನೂ ಬಿಡಲಿಲ್ಲ. ಕಲ್ಲಕ್ಕ ಹೊಸ ಕನ್ನಡಕ ಮಾಡಿಸಿ ಅದನ್ನು ಸಂಸ್ಥೆಯಲ್ಲಿಯೇ ಇಟ್ಟಳು, ಹಳೆಯದು ಮನೆಗಷ್ಟೇ; ಜಾರದಂತೆ ಅದಕ್ಕೆ ತಲೆಯ ಹಿಂದೆ ಪಟ್ಟಿ ಕಟ್ಟಿಸಿದಳು. ಬಾಗಿಲ ಬಳಿಯ ನಿಯಮಗಳ ಕೆಳಗೆ ಮಾವುತ ದಪ್ಪಕ್ಷರದಲ್ಲಿ ಬರೆದ: ಕನ್ನಡಕ ತೊಳೆಯದವರು ಒಳಗೆ ಬರಕೂಡದು, ಅತ್ತೆಯಾಣೆ. ಕಲ್ಲಕ್ಕ ಮೊದಲು ಖಾಲಿ ಬಟ್ಟಲನ್ನು ಮತ್ತೆ ದಾಟಿಸಿ ನೋಡಿದಳು. ಶುದ್ಧ. ಇನ್ನೊಂದು ಖಾಲಿ ಬಟ್ಟಲನ್ನು ಚೂರಿನ ಜೊತೆಜೊತೆಗೇ ಇಡುವುದೆಂದು ಗೊತ್ತುಮಾಡಿಕೊಂಡಳು.

ಚೂರು ಕರಗಿಸುವ ದಿನ ಬಂತು. ಬೆಳಗ್ಗೆ ಹೊರಟವಳು ಅಭ್ಯಾಸಬಲದಿಂದ ಸ್ಟೂಲಿನ ಮುಂದೆ ಒಂದು ಗಳಿಗೆ ನಿಂತಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು, ತಪ್ಪಿಯೂ ಮುಂದಕ್ಕೆ ಬಾರದಂತೆ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು. ಸೊಸೆಯ ಬಿರಿದ ಬೆರಳುಗಳನ್ನು ನೋಡಿದರು, ನೋಡಿ ಬೇರೆ ಕಡೆ ತಿರುಗಿದರು.

"ಹೋಗಿ ಬಾ," ಎಂದರು. "ಹತ್ತಿರ ಬರಬೇಡ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಲ್ಲಕ್ಕನ ಕಣ್ಣ ಮುಂದೆ ಆ ಕಟ್ಟಿದ ಕೈಗಳೇ ಇದ್ದವು.

ಒಳಗೆ ಹೋದ ಮೇಲೆ ಮಾತ್ರ ಅವಳಿಗೆ ಬೇರೇನೂ ನೆನಪಿರಲಿಲ್ಲ. ಗಾಳಿ ಸೋಸಿ ಬಿಡುವ ಫ್ಯಾನಿನ ಮೊರೆತ, ಬಿಳಿ ಬಟ್ಟಲು, ಅದರ ತಳದಲ್ಲಿ ಸಾಸಿವೆಯಷ್ಟು ಕಪ್ಪು. ಆಮ್ಲದ ಮೊದಲ ಹನಿ ಬಿದ್ದಾಗ ಆ ಚೂರು ಸಣ್ಣಗೆ ನೊರೆಗಟ್ಟಿತು. ಸೂರ್ಯನಿಗಿಂತ ಹಳೆಯದಾದ ಧೂಳು, ಯಾರೂ ನೋಡದ ಜಾಗದಲ್ಲಿ ಅಂಟಿಕೊಂಡು ಕಲ್ಲಾಗಿ, ಇಷ್ಟು ದೂರ ಬಂದು, ಕೊನೆಗೆ ಡೈರಿಯ ಹೆಂಗಸೊಬ್ಬಳ ಬಟ್ಟಲಿನಲ್ಲಿ ಕರಗುತ್ತಿದೆ! ಅವಳಿಗೆ ಕೈಮುಗಿಯಬೇಕೆನ್ನಿಸಿತು, ಕೈಗವಸು ಕೊಳೆಯಾಗುತ್ತದೆಂದು ಸುಮ್ಮನಾದಳು. ಕರಗಿದ್ದನ್ನು ಒಣಗಿಸಿ, ಮತ್ತೆ ಆಮ್ಲದಲ್ಲಿ ಕದಡಿ, ರಾಳದ ಪುಡಿ ತುಂಬಿದ ಕೊಳವೆಯೊಳಗೆ ಹನಿಹನಿಯಾಗಿ ಇಳಿಸಿದಳು. ಮೊದಲು ಕಬ್ಬಿಣ, ತಾಮ್ರ, ಉಳಿದದ್ದೆಲ್ಲ ಇಳಿದುಹೋದವು. ಕೊನೆಗೆ ಸತು ಒಂದೇ. ಮೂಗು ತುರಿಸಿತು, ತುರಿಸಿಕೊಳ್ಳಲಿಲ್ಲ. ಆ ವಾರವೆಲ್ಲ ಅವಳು ಮೂಗಿನ ಜೊತೆ ನಡೆಸಿದ ಯುದ್ಧವನ್ನು ಯಾವ ಪ್ರಬಂಧದಲ್ಲೂ ಬರೆಯಲಾಗುವುದಿಲ್ಲ.

ವಾರದ ಕೊನೆಗೆ ಆ ಸತುವನ್ನು ಆನೆಗೆ ತಿನ್ನಿಸಿದಳು. ಆನೆ ಅಂದು ಒಳ್ಳೆಯ ಮನಸ್ಸಿನಲ್ಲಿತ್ತು. ಖಾಲಿ ಬಟ್ಟಲಿನ ಲೆಕ್ಕ ಮೊದಲು ಬಂತು. ಏನೂ ಇಲ್ಲ. ಆಮೇಲೆ ಚೂರಿನ ಸತು. ಪ್ರಮಾಣ ಅಂಥ ಕಲ್ಲಿನಲ್ಲಿ ಎಷ್ಟಿರಬೇಕೋ ಅಷ್ಟೇ. ಮೇಡಂ ಬಾಯಲ್ಲಿ ಪೆನ್ಸಿಲಿತ್ತು. ಮಾವುತ ಗುಂಡಿ ಒತ್ತಿದ. ಪರದೆಯ ಮೇಲೆ ಭೂಮಿಯ ಗೆರೆ ಬಂತು, ಗೊತ್ತಿರುವ ಬೇರೆ ಕಲ್ಲುಗಳ ಚುಕ್ಕೆಗಳೂ ಬಂದವು. ಇವರ ಚುಕ್ಕೆ ಮಾತ್ರ ಇಲ್ಲ.

"ಎಲ್ಲಿ ಹೋಯ್ತು ಅದು?" ಎಂದಳು ಕಲ್ಲಕ್ಕ.

"ತಡೀರಿ ಅಕ್ಕ, ಚಿತ್ರದಿಂದ ಆಚೆ ಇದೆ." ಮಾವುತ ಚಿತ್ರದ ಅಂಚನ್ನು ಹಿಗ್ಗಿಸಿದ. ಇನ್ನೂ ಹಿಗ್ಗಿಸಿದ. ಭೂಮಿಯ ಗೆರೆಯಿಂದ, ಸೂರ್ಯನ ಹತ್ತಿರ ಹುಟ್ಟಿದ ಕಲ್ಲುಗಳಿಂದ, ದೂರದಲ್ಲಿ ಹುಟ್ಟಿದವೆಂದು ತಿಳಿದಿದ್ದ ಕಲ್ಲುಗಳಿಂದಲೂ ಆಚೆ, ಮೂಲೆಯಲ್ಲಿ, ಒಂಟಿಯಾಗಿ ಒಂದು ಕೆಂಪು ಚುಕ್ಕೆ ಕೂತಿತ್ತು.

ಮೇಡಂ ಪೆನ್ಸಿಲನ್ನು ನಿಧಾನವಾಗಿ ಬಾಯಿಂದ ತೆಗೆದರು. "ಇಷ್ಟು ದೂರದ್ದನ್ನ ನಾನು ನೋಡೇ ಇಲ್ಲ," ಎಂದರು. "ಇದು ಸೌರಮಂಡಲದ ಅಂಚಿನದು. ಕಲಸೋ ಕೈ ತಲುಪದೇ ಇರೋ ಜಾಗದ್ದು."

ಈ ಸಲ ಕೂಗಿದವರು ಮೇಡಂ. ಕಾವಲುಗಾರ ಮೇಲೆ ಬರುವ ಗೋಜಿಗೇ ಹೋಗಲಿಲ್ಲ. ಭೂಮಿಯ ತವರು ಕೈಬಿಟ್ಟುಹೋಯಿತು, ಕೈಗೆ ಸಿಕ್ಕಿದ್ದು ಅದಕ್ಕಿಂತ ವಿಚಿತ್ರವಾದದ್ದು. ಎಲ್ಲಕ್ಕಿಂತ ಹೆಚ್ಚಾಗಿ ಅದು ನಿಜ. ಕಲ್ಲಕ್ಕ ಕುಣಿಯಲಿಲ್ಲ. ಕುರ್ಚಿಯ ಮೇಲೆ ಕುಸಿದು ಕೂತು ಆ ಕೆಂಪು ಚುಕ್ಕೆಯನ್ನೇ ನೋಡುತ್ತಾ ಗಳಗಳನೆ ಅತ್ತಳು. ಇಷ್ಟು ಸಂತೋಷ ಅವಳಿಗೆ ಮೊದಲ ಸಲದ ಕುಣಿತದಲ್ಲೂ ಆಗಿರಲಿಲ್ಲ.

ಬಸ್ಸಿಗೂ ಕಾಯದೆ ಅವಳು ಮನೆಗೆ ನಡೆದೇ ಬಂದಳು, ಅರ್ಧ ದಾರಿ ಓಡಿದಳು. ಅತ್ತೆ ಬಾಗಿಲಲ್ಲೇ ಇದ್ದರು, ಕೈ ಇನ್ನೂ ಬೆನ್ನ ಹಿಂದೆ.

"ಏನಾಯ್ತೇ?"

"ಅದು ಭೂಮಿ ಥರ ಇಲ್ಲ ಅತ್ತೆ. ತೀರಾ ದೂರದ್ದು. ಇಷ್ಟು ದೂರದ್ದು ಮೇಡಂ ಕೂಡ ಕಂಡಿಲ್ಲವಂತೆ!"

"ಹಾಗಾದ್ರೆ ಮೊದಲು ಸಿಕ್ಕಿದ್ದು?"

"ನೀವು. ಆ ಕಲ್ಲಿನೊಳಗೆ ಇದ್ದ ಭೂಮಿ ಅಂದ್ರೆ ನಿಮ್ಮ ಹೆಬ್ಬೆರಳು."

ಅತ್ತೆ ಬೆನ್ನ ಹಿಂದಿನ ಕೈ ಬಿಡಿಸಿ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಕಲ್ಲಕ್ಕ ಒಳಗೆ ಹೋಗಿ, ಆ ಸ್ಟೂಲಿನ ಮೇಲೆ ಕೂತು, ಬಿರಿದ ಎರಡೂ ಕೈಗಳನ್ನು ಮುಂದಕ್ಕೆ ಚಾಚಿದಳು.

"ಈಗ ಹಚ್ಚಿ ಅತ್ತೆ. ತುಂಬಾ ಉರೀತಿದೆ."

ಬೀರುವಿನ ಬೀಗ ತೆಗೆಯುವ ಸದ್ದಾಯಿತು. ಅತ್ತೆ ಟ್ಯೂಬು ಹಿಡಿದುಕೊಂಡು ಬಂದರು, ಕಣ್ಣು ಒರೆಸಿಕೊಂಡರು, ಆಮೇಲೆ ಎರಡು ಹೆಜ್ಜೆ ದೂರದಲ್ಲೇ ನಿಂತುಬಿಟ್ಟರು.

"ಹಚ್ತೀನಿ. ಮೊದಲು ಆ ಕನ್ನಡಕ ತೆಗೆದು ಅತ್ತ ಇಡು."